ನಿಕಟಪೂರ್ವರ ನೆನಪಿನಲ್ಲಿ

ನನ್ನನ್ನು ಏಕವಚನದಲ್ಲಿ ಕರೆಯುವವರು ಈ ಬೆಂಗಳೂರಲ್ಲಿ ಯಾರೂ ಉಳಿದಿಲ್ಲ. ಅಪ್ಪ ಹೋದರು, ಸೋದರಮಾವ ಹೋದರು, 2020ರ ಸೆಪ್ಟೆಂಬರ್ 10ಕ್ಕೆ ನಮ್ಮ ಕಾರ್ಪೊರೇಟರ್ ‘ಅಣ್ಣ’ನ ಅವಧಿಯೂ ಹೋಯಿತು. ಅಂದಿನಿಂದ ಪಾಲಿಕೆಯಲ್ಲಿ ಆಡಳಿತಾಧಿಕಾರಿಗಳದೇ ದರ್ಬಾರು. ಐದು ವರ್ಷ ಮೀರಿತು, ‘ಏನಯ್ಯಾ ನಿಂದು?’ ಅಂತ ನನ್ನನ್ನು ಒಬ್ಬರೂ ಕೇಳಿಲ್ಲ.

ಅಣ್ಣ ಇದ್ದಾಗಿನ ವೈಭವವೇ ಬೇರೆ. ಬೆಳಗ್ಗೆ ಏಳಕ್ಕೆ ಅವರ ಮನೆ ಮುಂದೆ ಹಾಜರಾಗಬೇಕು. ಚಪ್ಪಲಿ ಗೇಟಿನಾಚೆ. ಶಾಮಿಯಾನದಡಿ ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಮುರಿಯದೇ ಇದ್ದವು ಅಣ್ಣನ ಹುಡುಗರಿಗೆ. ಏಳೂವರೆಗೆ ‘ಅಣ್ಣ ಸ್ನಾನಕ್ಕೆ ಹೋಗವ್ರೆ’, ಎಂಟಕ್ಕೆ ‘ಪೂಜೆ ಮಾಡ್ತಾವ್ರೆ’, ಒಂಬತ್ತಕ್ಕೆ ‘ತಿಂಡಿ ತಿಂತಾವ್ರೆ’. ಒಂಬತ್ತೂವರೆಗೆ ಅಣ್ಣ ಹೊರಗೆ ಬಂದು, ಬಿಳೀ ಕಾರು ಹತ್ತುತ್ತಾ, ಫೋನ್ ಕಿವಿಗಿಟ್ಟುಕೊಂಡೇ ನಮ್ಮತ್ತ ಗಲ್ಲ ಎತ್ತುತ್ತಿದ್ದರು. ಗಲ್ಲ ಎತ್ತಿದರೆ ಅಹವಾಲು ಸ್ವೀಕರಿಸಲಾಗಿದೆ ಎಂದರ್ಥ.

ನನ್ನ ಅಹವಾಲು ಚರಂಡಿಯದು. ನಮ್ಮ ಗೇಟಿನ ಮುಂದಿನ ಚಪ್ಪಡಿ ಮುರಿದು ಒಳಗೆ ಬಿದ್ದಿತ್ತು. ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಕ್ರಾಸು?’ ಹೇಳಿದೆ. ಪಕ್ಕದ ಹುಡುಗ ಬಗ್ಗಿ ಅಣ್ಣನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ‘ಓಹೋ, ಸ್ಕೂಲ್ ಬೂತು. ಅಲ್ಲಿ ನಂಗೆ ಎಷ್ಟು ಬಿತ್ತು ಗೊತ್ತೇನಯ್ಯಾ?’ ನನಗೆ ಗೊತ್ತಿರಲಿಲ್ಲ. ಅಣ್ಣನಿಗೆ 2015ರ ಆಗಸ್ಟಿನಿಂದ ಬಾಯಿಪಾಠ. ಮತ ಗುಪ್ತ ಅಂತ ನಾವು ನಂಬಿಕೊಂಡಿದ್ದೇವೆ, ಬೂತು ಗುಪ್ತವಲ್ಲ. ನಮ್ಮ ಕ್ರಾಸಿನ ನೀರು ತಗ್ಗಿನತ್ತ ಹರಿಯದೆ ಅಣ್ಣನ ಲೀಡಿನತ್ತ ಹರಿಯುತ್ತದೆ ಅನ್ನುವ ಜಲವಿಜ್ಞಾನ ನನಗೆ ತಿಳಿದದ್ದು ಅವತ್ತು.

ಹಾಗಂತ ಅಣ್ಣ ಕೆಲಸವನ್ನೇ ಮಾಡಲಿಲ್ಲ ಅಂದರೆ ನಾಲಿಗೆ ಬಿದ್ದೀತು. ಪಾರ್ಕಿಗೆ ಕಲ್ಲುಬೆಂಚು ಹಾಕಿಸಿದರು. ಬೆನ್ನೊರಗುವ ಕಡೆ ಅವರ ಹೆಸರು ಎಷ್ಟು ಆಳವಾಗಿ ಕೆತ್ತಿಸಿದ್ದರೆಂದರೆ, ಸಂಜೆ ಕೂತೆದ್ದ ನಿವೃತ್ತರ ಬನಿಯನ್ನಿನ ಮೇಲೆ ‘ಕೊಡುಗೆ’ ಅಂತ ಉಲ್ಟಾ ಅಚ್ಚು ಮೂಡುತ್ತಿತ್ತು. ದುಡ್ಡು ನಮ್ಮ ಆಸ್ತಿ ತೆರಿಗೆಯದು, ಕೊಡುಗೆ ಅವರದು. ಒಂದೇ ರಸ್ತೆಗೆ ಮೂರು ಸಲ ಗುದ್ದಲಿ ಪೂಜೆಯೂ ಆಯಿತು. ಗುದ್ದಲಿಗೆ ಅಷ್ಟು ಪೂಜೆ ಮಾಡಿದ ಮೇಲೆ ಅದನ್ನು ಮಣ್ಣಿಗೆ ಹಾಕಲು ಮನಸ್ಸಾದರೂ ಹೇಗೆ ಬರಬೇಕು?

ಇರಲಿ, ಈಗ ಅದೂ ಇಲ್ಲ. ಚುನಾವಣೆ ಯಾಕಿಲ್ಲ ಅಂತ ಕೇಳಿದಾಗೆಲ್ಲ ಸರ್ಕಾರ ವಾರ್ಡು ಎಣಿಸುತ್ತಿತ್ತು. ಮೊದಲು 198 ಇದ್ದವು. 2022ರಲ್ಲಿ 243 ಅಂದರು. ಪೌರಸಂಸ್ಥೆಗಳ ಭಾಗ ಶುರುವಾಗುವುದು ಸಂವಿಧಾನದಲ್ಲಿ 243ನೇ ವಿಧಿಯ ಸಾಲಿನಲ್ಲೇ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಿ ಅಂತ 243-ಯು ಹೇಳುತ್ತದೆ. ಅಂಕಿಯಾದರೂ ಜ್ಞಾಪಕದಲ್ಲಿತ್ತಲ್ಲ ಅಂತ ಸಂತೋಷಪಡುವಷ್ಟರಲ್ಲಿ 2023ಕ್ಕೆ 225 ಆಯಿತು. 2025ರಲ್ಲಿ ಬಿಬಿಎಂಪಿಯೇ ಮಾಯವಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು, ವಾರ್ಡು 369. ಹಡೆಯುವ ಮೊದಲೇ ಇಷ್ಟು ಸಲ ಕುಲಾವಿ ಹೊಲಿದ ಊರು ಇನ್ನೊಂದಿರಲಾರದು. ಹಳ್ಳಿಯವರು ನಗಬೇಕಾಗಿಲ್ಲ, ರಾಜ್ಯದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದಾಗಲೂ ಮೊದಲು ಬಂದದ್ದು ಚುನಾವಣೆಯಲ್ಲ, ಆಡಳಿತಾಧಿಕಾರಿ.

ಈಗ ಚರಂಡಿಗೆ ಆ್ಯಪ್ ಇದೆ. ಫೋಟೊ ಹಾಕಿದೆ. ಮೂರನೇ ದಿನ ಸಂದೇಶ ಬಂತು: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ.’ ಹೊರಗೆ ಹೋಗಿ ನೋಡಿದೆ, ಚಪ್ಪಡಿ ಇದ್ದಲ್ಲೇ ಬಿದ್ದಿತ್ತು. ಮತ್ತೆ ಹಾಕಿದೆ, ಮತ್ತೆ ಪರಿಹಾರವಾಯಿತು. ಆರು ಸಲ ಪರಿಹಾರವಾದ ಚರಂಡಿ ನಮ್ಮದು. ಎಂಜಿನಿಯರಿಗೆ ಫೋನ್ ಮಾಡಿದರೆ ಎಷ್ಟು ಮರ್ಯಾದೆ! ‘ನಮಸ್ಕಾರ ಸಾರ್, ದಯವಿಟ್ಟು ಲೆಟರ್ ಕೊಡಿ ಸಾರ್, ಅದು ನಮ್ಮ ವ್ಯಾಪ್ತಿಗೆ ಬರಲ್ಲ ಸಾರ್.’ ಬಹುವಚನದಲ್ಲಿ ಇಲ್ಲ ಅನ್ನಿಸಿಕೊಳ್ಳುವುದು ಏಕವಚನದಲ್ಲಿ ಬೈಸಿಕೊಳ್ಳುವುದಕ್ಕಿಂತ ಕಷ್ಟ. ಬೈಯುವವನ ಎದುರಾದರೂ ನಿಲ್ಲಬಹುದಿತ್ತು, ಐದು ವರ್ಷಕ್ಕೊಮ್ಮೆ ಸೋಲಿಸುತ್ತೇನೆ ಅಂತ ಒಳಗೊಳಗೇ ಹಲ್ಲು ಕಡಿಯಬಹುದಿತ್ತು. ಆ್ಯಪನ್ನು ಯಾವ ಬೂತಿನಲ್ಲಿ ಸೋಲಿಸಲಿ?

ಅಣ್ಣ ಮಾತ್ರ ಫ್ಲೆಕ್ಸಿನಿಂದ ಇಳಿದಿಲ್ಲ. ಯುಗಾದಿ, ಗಣೇಶ, ಅವರ ಹುಟ್ಟುಹಬ್ಬ, ಅವರ ನಾಯಕರ ಹುಟ್ಟುಹಬ್ಬ, ಎಲ್ಲಕ್ಕೂ ಕೈಮುಗಿದು ನಿಂತಿರುತ್ತಾರೆ. ಕೆಳಗೆ ‘ನಿಕಟಪೂರ್ವ ಪಾಲಿಕೆ ಸದಸ್ಯರು’. ಪೂರ್ವ ಆಗಿ ಅರ್ಧ ದಶಕವಾಯಿತು, ನಿಕಟ ಬಿಟ್ಟಿಲ್ಲ.

ಮೊನ್ನೆ ಭಾನುವಾರ ಬಾಗಿಲು ತಟ್ಟಿದ ಸದ್ದು. ತೆರೆದರೆ ಸಾಕ್ಷಾತ್ ಅಣ್ಣ! ಫ್ಲೆಕ್ಸಿನಲ್ಲಿದ್ದಂತೆಯೇ ಕೈಮುಗಿದಿದ್ದರು. ಚಪ್ಪಲಿ, ನಂಬಿ, ನಮ್ಮ ಗೇಟಿನಾಚೆ ಬಿಟ್ಟಿದ್ದರು. ಹಿಂದೆ ಚೀಲ ಹೊತ್ತ ಹುಡುಗ, ಚೀಲದಲ್ಲಿ ಅಣ್ಣನ ಚಿತ್ರವಿರುವ ಕ್ಯಾಲೆಂಡರು. ‘ಚೆನ್ನಾಗಿದೀರಾ ಸಾರ್? ಅಮ್ಮಾವ್ರು ಆರಾಮಾ?’ ಎನ್ನುತ್ತಾ ಒಂದು ಕ್ಯಾಲೆಂಡರ್ ನನ್ನ ಕೈಗಿಟ್ಟರು. ನನಗೆ ಗಂಟಲು ಕಟ್ಟಿತು. ಇವರೂ ಬಹುವಚನಕ್ಕೆ ಬಂದರಲ್ಲ!

ಅಷ್ಟರಲ್ಲಿ ಹುಡುಗ ಮೊಬೈಲಿನಲ್ಲಿ ಹೊಸ ವಾರ್ಡಿನ ನಕ್ಷೆ ತೆಗೆದು, ಬೆರಳಲ್ಲಿ ಹಿಗ್ಗಿಸಿ ನೋಡಿ, ಮತ್ತೆ ಕಿವಿಯಲ್ಲಿ ಪಿಸುಗುಟ್ಟಿದ. ಅಣ್ಣನ ಮುಖ ಇಳಿಯಿತು. ‘ಅಯ್ಯೋ, ಗೆರೆ ಈ ರಸ್ತೇಲೇ ಹೋಗಿದ್ಯಾ? ನೀವು ಆ ಕಡೆ ವಾರ್ಡಿಗೆ ಬಿದ್ದಿದೀರಾ!’ ಕ್ಯಾಲೆಂಡರ್ ನನ್ನ ಕೈಯಿಂದ ನಯವಾಗಿ ಜಾರಿ ಚೀಲ ಸೇರಿತು. ‘ಎಣಿಸಿ ತಂದಿರೋದು, ತಪ್ಪು ತಿಳ್ಕೋಬೇಡಿ.’

ಗೇಟಿನ ಹೊರಗೆ ಚಪ್ಪಲಿ ಮೆಟ್ಟುವಾಗ ಅಣ್ಣನ ಕಾಲು ಗುಂಡಿಯ ಅಂಚಿಗೆ ಬಂತು. ಹುಡುಗ ರಟ್ಟೆ ಹಿಡಿದ. ಅಣ್ಣ ಒಳಗೆ ಬಗ್ಗಿ ನೋಡಿ, ಹಳೆಯ ಅಧಿಕಾರದಲ್ಲೇ ನನ್ನತ್ತ ಗಲ್ಲ ಎತ್ತಿದರು: ‘ಇಷ್ಟು ದಿನ ಆದ್ರೂ ಇದಕ್ಕೊಂದು ಚಪ್ಪಡಿ ಹಾಕ್ಸೋಕಾಗಿಲ್ವೇನಯ್ಯಾ ನಿಂಗೆ?’