ಕೆಂಪಿದ್ದರೆ ಸಾಕು, ಏನು ಉಟ್ಟರೂ ನಡೆಯುತ್ತೆ

2009ರ ಚೀನೀ ಹೊಸವರ್ಷ ಜನವರಿ 26ಕ್ಕೆ ಬಿದ್ದಿತ್ತು. ನಾನು ಸಿಂಗಪುರಕ್ಕೆ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ಬೆಳಿಗ್ಗೆ ಭಾರತದ ಹೈಕಮಿಷನ್‌ನಲ್ಲಿ ಧ್ವಜ ಹಾರಿಸುವುದನ್ನು ನೋಡಿ, ಅದೇ ಬಟ್ಟೆಯಲ್ಲಿ ನೆಟ್ಟಗೆ ಆಫೀಸಿನ ಗೆಳೆಯನ ಮನೆಗೆ ಹೋದೆ. ಬಿಳಿ ಅಂಗಿ, ಬಿಳಿ ಪ್ಯಾಂಟು. ಅಂಗಿ ಹೊಚ್ಚ ಹೊಸದು. ಊರಿಂದ ಹೊರಡುವಾಗ ಅವ್ವ ಅದರ ಒಳಅಂಚಿಗೆ ಚೂರು ಅರಿಶಿನ ಹಚ್ಚಿ ಮಡಚಿಟ್ಟಿದ್ದಳು. ಗಣರಾಜ್ಯೋತ್ಸವಕ್ಕೂ ಆಯ್ತು, ಹಬ್ಬದ ಮನೆಗೂ ಆಯ್ತು ಅಂದುಕೊಂಡಿದ್ದೆ.

ಬಾಗಿಲು ತೆಗೆದ ಗೆಳೆಯನ ನಗು ಅರ್ಧಕ್ಕೇ ನಿಂತಿತು. ಒಳಗೆ ಹದಿನೈದಿಪ್ಪತ್ತು ಜನ. ಎಲ್ಲರದೂ ಕೆಂಪು, ಗುಲಾಬಿ, ಕಿತ್ತಳೆ, ಬಂಗಾರದ ಬಣ್ಣ. ನಡುವೆ ನಾನೊಬ್ಬ ಹಾಲಿನ ಪ್ಯಾಕೆಟ್ ಥರ. ಯಾರೂ ಏನೂ ಅನ್ನಲಿಲ್ಲ. ಅವನ ತಾಯಿ ಎದ್ದು ಬಂದರು. ಅವರ ಕೈಯಲ್ಲಿ ಆಂಗ್‌ಪಾವ್, ಅಂದರೆ ದುಡ್ಡು ಹಾಕಿದ ಕೆಂಪು ಲಕೋಟೆ. ಮದುವೆಯಾದವರು ಆಗದವರಿಗೆ ಕೊಡುವಂಥದ್ದು. ಎರಡು ಕೈಯಲ್ಲಿ ಕೊಡೋದು, ಎರಡು ಕೈಯಲ್ಲಿ ತಗೊಳ್ಳೋದು ರೂಢಿ. ನಾನು ಕೈ ಚಾಚಿದೆ. ಅವರು ಕೈಗೆ ಕೊಡಲಿಲ್ಲ. ನನ್ನ ಎದೆಯ ಜೇಬಿಗೆ ತುರುಕಿ, ಮೇಲಿಂದ ಒಂದು ಸಲ ತಟ್ಟಿದರು. ತೆಳ್ಳನೆಯ ಬಿಳಿ ಬಟ್ಟೆಯೊಳಗಿಂದ ಕೆಂಪು ಕಾಣತೊಡಗಿತು. ಆಮೇಲೇ ಮನೆಯವರಿಗೆಲ್ಲ ಉಸಿರು ಬಂದ ಹಾಗೆ ಕಾಣಿಸಿತು.

ಲಕೋಟೆಯಲ್ಲಿ ಎಂಟು ಡಾಲರ್ ಇತ್ತು. ಅವರಲ್ಲಿ ಮಂಗಳಕ್ಕೆ ಸಮಸಂಖ್ಯೆ. ನಾಲ್ಕು ಮಾತ್ರ ಬೇಡ, ಅದರ ಉಚ್ಚಾರ ಸಾವಿನ ಪದಕ್ಕೆ ಹತ್ತಿರ. ಬೆಸಸಂಖ್ಯೆ ಸಾವಿನ ಮನೆಗೆ ಕೊಡುವ ಬಿಳಿ ಲಕೋಟೆಗೆ. ನಾವು ಮದುವೆಗೆ ನೂರೊಂದು, ಐನೂರೊಂದು ಅಂತ ಹುಡುಕಿ ಹುಡುಕಿ ಒಂದು ರೂಪಾಯಿ ಸೇರಿಸುವವರು. ಪುಣ್ಯಕ್ಕೆ ಆ ತಪ್ಪನ್ನು ನಾನು ಮಾಡಲಿಲ್ಲ.

ಇಷ್ಟು ವರ್ಷ ಅವರ ಹಬ್ಬ ನೋಡಿದ ಮೇಲೆ ನನಗೆ ಅನಿಸಿದ್ದು ಇದು. ಅವರು ಬಣ್ಣವನ್ನು ಗಟ್ಟಿಯಾಗಿ ಹಿಡಿದುಕೊಂಡು ಉಡುಗೆಯನ್ನು ಸಡಿಲ ಬಿಟ್ಟಿದ್ದಾರೆ. ನಾವು ಉಡುಗೆ ಹಿಡಿದುಕೊಂಡು ಬಣ್ಣ ಸಡಿಲ ಬಿಟ್ಟಿದ್ದೇವೆ. ಹೊಸವರ್ಷದ ದಿನ ಗೆಳೆಯ ಹಾಕುವುದು ಕೆಂಪು ಟೀ-ಶರ್ಟು, ಕೆಳಗೆ ಚಡ್ಡಿ. ಅವನಿಗೆ ಅದು ಪೂರ್ತಿ ಹಬ್ಬದ ಉಡುಪು. ನಮ್ಮಲ್ಲಿ ಯುಗಾದಿಗೆ ಚಡ್ಡಿ ಹಾಕಿಕೊಂಡು ಬೇವು-ಬೆಲ್ಲಕ್ಕೆ ಕೈ ಒಡ್ಡಿದರೆ ಮನೆಯಲ್ಲಿ ಸುಮ್ನೆ ಬಿಡ್ತಾರಾ? ಅದೇ ಪಂಚೆ ಬಿಳಿಯೋ, ಹಳದಿ ಮಡಿಯೋ ಅಂತ ಯಾರೂ ಕೇಳುವುದಿಲ್ಲ.

ಅವರ ಬಣ್ಣದ ಲೆಕ್ಕ ಹಳೆಯದು. ನಮ್ಮ ಪಂಚಭೂತದ ಹಾಗೆ ಅವರಿಗೂ ಐದು ಧಾತು, ಒಂದೊಂದಕ್ಕೆ ಒಂದು ಬಣ್ಣ. ಮರಕ್ಕೆ ಹಸಿರು, ಬೆಂಕಿಗೆ ಕೆಂಪು, ಮಣ್ಣಿಗೆ ಹಳದಿ, ಲೋಹಕ್ಕೆ ಬಿಳಿ, ನೀರಿಗೆ ಕಪ್ಪು. ವರ್ಷಕ್ಕೂ ಬಣ್ಣ ಉಂಟು. ನಮ್ಮ ಸಂವತ್ಸರದ ಹಾಗೆ ಅವರದ್ದೂ ಅರವತ್ತು ವರ್ಷದ ಚಕ್ರ. 2026 ನಮಗೆ ಪರಾಭವ, ಅವರಿಗೆ ಬೆಂಕಿ ಕುದುರೆ, ಅಂದರೆ ಕೆಂಪು ಕುದುರೆ. ನಮ್ಮ ಸಂವತ್ಸರಕ್ಕೆ ಹೆಸರಿದೆ, ಬಣ್ಣ ಇಲ್ಲ. ಗೆಳೆಯ ಹುಟ್ಟಿದ್ದು 1978ರ ಕುದುರೆ ವರ್ಷದಲ್ಲಿ. ಹನ್ನೆರಡು ವರ್ಷಕ್ಕೊಮ್ಮೆ ತನ್ನ ಪ್ರಾಣಿಯ ವರ್ಷ ಬಂದಾಗ ಮನುಷ್ಯನಿಗೆ ಕಂಟಕ ಅಂತ ಅವರ ನಂಬಿಕೆ. ಪರಿಹಾರ ಏನು ಗೊತ್ತಾ? ವರ್ಷಪೂರ್ತಿ ಮೈಮೇಲೆ ಏನಾದರೂ ಕೆಂಪು ಇರಬೇಕು. ಸಾಲು ಸಾಲು ಅಂಗಡಿಗಳಲ್ಲಿ ಕೆಂಪು ಕಾಲುಚೀಲ, ಕೆಂಪು ಬೆಲ್ಟು, ಕೆಂಪು ಒಳಚಡ್ಡಿ. ಶನಿಕಾಟಕ್ಕೆ ಎಳ್ಳೆಣ್ಣೆ ದೀಪ ಹಚ್ಚುವ ನಾವು ನಗುವ ಹಾಗಿಲ್ಲ ಬಿಡಿ.

ಜನವರಿಯಲ್ಲಿ ಇಲ್ಲಿನ ಚೈನಾಟೌನ್‌ಗೆ ಹೋದರೆ ನನಗೆ ಪ್ರತಿ ಸಲ ನವೆಂಬರ್ ಒಂದು ನೆನಪಾಗುತ್ತದೆ. ಚೈನಾಟೌನ್‌ನ ಚೀನೀ ಹೆಸರಿನ ಅರ್ಥ 'ಎತ್ತಿನ ಗಾಡಿ ನೀರು'. ಹಿಂದೆ ಎತ್ತಿನ ಗಾಡಿಯಲ್ಲಿ ನೀರು ಬರುತ್ತಿದ್ದ ಜಾಗ ಅದು. ಸೌತ್ ಬ್ರಿಜ್ ರಸ್ತೆಯಲ್ಲಿ ಮಾರಿಯಮ್ಮನ ಗುಡಿಯ ಗೋಪುರ, ಸುತ್ತ ಕೆಂಪು ಲಾಂದ್ರಗಳು, ಹಳದಿ ಕುಚ್ಚು. ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿದರೆ ನಮ್ಮ ಬಾವುಟವೇ. ಹಳದಿ-ಕೆಂಪು ನಮಗೆ ಅರಿಶಿನ-ಕುಂಕುಮ. ಅವರಿಗೆ ಹಳದಿ ಅಂದರೆ ಚಿನ್ನ, ಸಂಪತ್ತು. ಚಿಂಗ್ ರಾಜವಂಶದ ಕಾಲದಲ್ಲಿ ಹೊಳೆಯುವ ಹಳದಿ ಚಕ್ರವರ್ತಿಯ ಮನೆಗೆ ಮೀಸಲಾಗಿತ್ತು. ಬೇರೆಯವರು ಉಡುವಂತಿರಲಿಲ್ಲ. ನಮ್ಮಲ್ಲಿ ಅದೇ ಹಳದಿ ಮದುವೆಮನೆಯಲ್ಲಿ ಎಲ್ಲರ ಮೈಗೂ ಮೆತ್ತುತ್ತದೆ.

ಉಡುಗೆಯ ವಿಷಯಕ್ಕೆ ಬಂದರೆ ಮಾತ್ರ ಅವರಲ್ಲೇ ಒಮ್ಮತ ಇಲ್ಲ. ಇದು ನನಗೆ ತಿಳಿದದ್ದು ಮಗಳ ಶಾಲೆಯಿಂದ. ಜುಲೈ 21 ಇಲ್ಲಿನ ಶಾಲೆಗಳಲ್ಲಿ ಜನಾಂಗೀಯ ಸಾಮರಸ್ಯದ ದಿನ. ಮಕ್ಕಳು ಅವರವರ ಸಾಂಪ್ರದಾಯಿಕ ಉಡುಪಿನಲ್ಲಿ ಬರಬೇಕು. ನಮ್ಮ ಮನೆಯಲ್ಲಿ ಎರಡು ನಿಮಿಷದ ಕೆಲಸ, ಉದ್ದಲಂಗ ಹಾಕಿ ಕಳಿಸಿದೆವು. ಗೆಳೆಯನ ಮನೆಯಲ್ಲಿ ಒಂದು ವಾರ ಚರ್ಚೆ. ಅಜ್ಜಿ ಚೊಂಗ್‌ಸಾಮ್ ಅಂದರು, ಮೈಗೆ ಅಂಟುವ ಚೀನೀ ನಿಲುವಂಗಿ. ಹೆಂಡತಿ, ಅದು ಬಿಗಿ, ಹುಡುಗಿ ಓಡಾಡೋದು ಹೇಗೆ, ಅಂದಳು. ಚೀನಾದಿಂದ ಬಂದ ಪಕ್ಕದ ಮನೆಯವರು, ಅದು ನಮ್ಮದೇ ಅಲ್ಲ, ಮಂಚು ಜನರದ್ದು, ನಮ್ಮ ಹಾನ್ ಜನರ ಹಳೆಯ ಉಡುಪು ಹಾನ್‌ಫು ಹಾಕಿಸಿ, ಅಂದರು. ಕೊನೆಗೆ ಹುಡುಗಿ ನನ್ನ ಮಗಳ ಇನ್ನೊಂದು ಲಂಗ-ರವಿಕೆ ಹಾಕಿಕೊಂಡು ಹೋದಳು. ಆ ದಿನ ಬೇರೆಯವರ ಉಡುಪು ಹಾಕಿದರೂ ಖುಷಿಯೇ ತಾನೇ.

ಜಗಳಕ್ಕೆ ಕಾರಣ ಇದೆ. 1644ರಲ್ಲಿ ಈಶಾನ್ಯದ ಮಂಚು ಜನ ಬೀಜಿಂಗ್ ಹಿಡಿದರು, ಅವರದೇ ಚಿಂಗ್ ಆಳ್ವಿಕೆ. ಮರುವರ್ಷವೇ ಆಜ್ಞೆ ಬಂತು: ಚೀನಾದ ಬಹುಸಂಖ್ಯಾತರಾದ ಹಾನ್ ಗಂಡಸರು ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕು, ಉಡುಪೂ ಬದಲಾಗಬೇಕು. ಕೂದಲು ಉಳಿಸಿಕೊಂಡವನ ತಲೆ ಉಳಿಯಲಿಲ್ಲ. ಹಾಗೆ ಹಳೆಯ ಅಡ್ಡಕತ್ತಿನ ಸಡಿಲ ನಿಲುವಂಗಿ ಗಂಡಸರ ಮೈಯಿಂದ ಹೋಯಿತು. ಇಂದು ಪ್ರಪಂಚವೆಲ್ಲ ಚೀನೀ ಅನ್ನುವ ಚೊಂಗ್‌ಸಾಮ್, ಅಂದರೆ ಚಿಪಾವ್, ಆ ಮಂಚು ನಿಲುವಂಗಿಯ ಮೊಮ್ಮಗಳು. 1920ರ ದಶಕದ ಶಾಂಘೈಯಲ್ಲಿ ಅದು ಮೈಗೆ ಅಂಟಿಕೊಂಡ ರೂಪ ಪಡೆಯಿತು. 1929ರಲ್ಲಿ ಅಲ್ಲಿನ ಗಣರಾಜ್ಯ ಸರ್ಕಾರ ಅದನ್ನು ಹೆಂಗಸರ ಔಪಚಾರಿಕ ಉಡುಪು ಅಂತ ಒಪ್ಪಿತು. ಇಪ್ಪತ್ತು ವರ್ಷದಲ್ಲಿ ಕಮ್ಯುನಿಸ್ಟರು ಬಂದರು, ಗಾಳಿ ಬದಲಾಯಿತು. ಮಾವೋ ಹೊರಡಿಸಿದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಚಿಪಾವ್ ಅಂದರೆ ಶ್ರೀಮಂತಿಕೆಯ ಕೊಬ್ಬು. ಅಧ್ಯಕ್ಷರಾಗಿದ್ದ ಲಿಯು ಶಾವೋಚಿ ಅವರ ಹೆಂಡತಿ ವಾಂಗ್ ಗುವಾಂಗ್‌ಮೆಯ್ ವಿದೇಶ ಪ್ರವಾಸದಲ್ಲಿ ಚಿಪಾವ್ ಉಟ್ಟಿದ್ದರು. 1967ರಲ್ಲಿ ರೆಡ್ ಗಾರ್ಡ್‌ಗಳು, ಅಂದರೆ ಮಾವೋ ಪರ ವಿದ್ಯಾರ್ಥಿ ದಳದವರು, ಅವರಿಗೆ ಬಲವಂತವಾಗಿ ಅದನ್ನೇ ತೊಡಿಸಿ, ಕೊರಳಿಗೆ ಪಿಂಗ್‌ಪಾಂಗ್ ಚೆಂಡಿನ ಹಾರ ಹಾಕಿ, ಸಾವಿರಾರು ಜನರ ಮುಂದೆ ನಿಲ್ಲಿಸಿದರು. ಉಟ್ಟ ಬಟ್ಟೆಗೆ ಇಷ್ಟು ಶಿಕ್ಷೆ.

ಆಮೇಲೆ 2001. ಶಾಂಘೈಯಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ನಾಯಕರ ಏಪೆಕ್ ಸಭೆ. ಬುಷ್, ಪುಟಿನ್ ಎಲ್ಲರೂ ನಿಲುಕಾಲರಿನ, ಬಟ್ಟೆಯ ಗಂಟು-ಗುಂಡಿಯ ರೇಷ್ಮೆ ಜಾಕೆಟ್ ತೊಟ್ಟು ಫೋಟೋಕ್ಕೆ ನಿಂತರು. ಟಾಂಗ್‌ಜುವಾಂಗ್ ಅಂತ ಅದರ ಹೆಸರು. ಟಾಂಗ್ ರಾಜವಂಶಕ್ಕೂ ಅದಕ್ಕೂ ಸಂಬಂಧ ಇಲ್ಲ, ಅದೂ ಮಂಚು ಮೇಲಂಗಿಯ ಸಂತತಿ. ಹೊರದೇಶದ ಚೀನೀಯರು ತಮ್ಮನ್ನು ಟಾಂಗ್ ಜನ ಅಂದುಕೊಳ್ಳುವುದರಿಂದ ಆ ಹೆಸರು. ಹಬ್ಬದಲ್ಲಿ ತಾತಂದಿರ ಮೈಮೇಲೆ ಈಗ ಅದೇ. 2003ರಲ್ಲಿ ಝೆಂಗ್‌ಝೌ ಊರಿನ ಒಬ್ಬ ವಿದ್ಯುತ್ ಕೆಲಸಗಾರ ಹಾನ್‌ಫು ತೊಟ್ಟು ಬೀದಿಗೆ ಬಂದ. ಅಲ್ಲಿಂದ ಶುರುವಾದ ಹುಚ್ಚು ಈಗ ಎಷ್ಟು ಬೆಳೆದಿದೆ ಅಂದರೆ, ನೆರಿಗೆ ಹಿಡಿದ 'ಕುದುರೆಮುಖ' ಲಂಗ ಹಬ್ಬದಲ್ಲಿ ಹುಡುಗಿಯರ ಮೈಮೇಲೆ ಎಲ್ಲೆಲ್ಲೂ ಕಾಣುತ್ತದೆ. ಹೆಸರು ಕೇಳಿ ನಾನು ಚಿಕ್ಕಮಗಳೂರಿಗೆ ಹೋಗಿ ಬಂದೆ.

ಇಷ್ಟೆಲ್ಲ ಕಡಿದು ಹೋದರೂ ಕೆಂಪು ಕಡಿಯಲಿಲ್ಲ ನೋಡಿ. ರಾಜ ಹೋದ, ಜಡೆ ಹೋಯಿತು, ನಿಲುವಂಗಿ ಹೋಯಿತು. ಬಣ್ಣವನ್ನು ಯಾರು ಕಿತ್ತುಕೊಳ್ಳಲು ಆಗುತ್ತೆ? ಸಾಂಸ್ಕೃತಿಕ ಕ್ರಾಂತಿಯವರ ಬಾವುಟವೂ ಕೆಂಪೇ ಆಗಿದ್ದು ಬೇರೆ ಮಾತು.

ಹಾನ್‌ಫುವಿನಲ್ಲಿ ನನಗೆ ತುಂಬ ಹಿಡಿಸಿದ್ದು ಅದರ ಎದೆಪಟ್ಟಿ. ಎಡಗಡೆಯ ಪಟ್ಟಿ ಬಲಗಡೆಯದರ ಮೇಲೆ ಬಂದು, ಬಲ ಪಕ್ಕದಲ್ಲಿ ಕಸೆ ಕಟ್ಟಬೇಕು. ತಿರುವುಮುರುವಾದರೆ ಅದು ಹೆಣಕ್ಕೆ ತೊಡಿಸುವ ರೀತಿ. ಬಾಡಿಗೆ ಹಾನ್‌ಫು ತೊಟ್ಟು ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗರು ಹೀಗೆ ಎಡವಟ್ಟು ಮಾಡಿಕೊಂಡಾಗ ಹಿರಿಯರು ಓಡಿ ಬಂದು ಸರಿ ಮಾಡುತ್ತಾರೆ. ನಮಗಿದು ಹೊಸದಲ್ಲ. ಜನಿವಾರ ದೇವರ ಕೆಲಸಕ್ಕೆ ಎಡ ಹೆಗಲಿಗೆ, ಪಿತೃಗಳ ಕೆಲಸಕ್ಕೆ ಬಲ ಹೆಗಲಿಗೆ. ಸೆರಗಿಗೂ ಎಡ-ಬಲ ಇದೆ, ಆದರೆ ಅದು ಸಾವಿನ ಲೆಕ್ಕ ಅಲ್ಲ. ನಮ್ಮ ಗದಗ ಕಡೆ ಅವ್ವ, ಅಜ್ಜಿ ಎಲ್ಲರೂ ಬಲ ಹೆಗಲಿನಿಂದ ಸೆರಗು ಮುಂದೆ ತಂದು ತಲೆ ಮೇಲೆ ಹೊದ್ದವರೇ. ಬೆಂಗಳೂರಿಗೆ ಹೋದ ಹೆಣ್ಣುಮಕ್ಕಳ ಸೆರಗು ಎಡ ಹೆಗಲಿಗೆ ಬಂತು.

ಬೇರೆ ಹಬ್ಬಗಳಲ್ಲಿ ಬಣ್ಣದ ಕಟ್ಟು ಇಷ್ಟಿಲ್ಲ. ನಡುಶರತ್ಕಾಲದ ಚಂದ್ರನ ಹಬ್ಬಕ್ಕೆ ಬೇಕಾದ್ದು ಹಾಕಿಕೊಂಡು ಲಾಂದ್ರ ಹಿಡಿದು ತಿರುಗಿದರಾಯಿತು. ಹಿರಿಯರ ಸಮಾಧಿ ಗುಡಿಸುವ ಚಿಂಗ್‌ಮಿಂಗ್‌ಗೆ ಕೆಂಪು ಬೇಡ, ಮಂಕು ಬಣ್ಣ ಸಾಕು. ಐದನೇ ತಿಂಗಳ ಡ್ರ್ಯಾಗನ್ ದೋಣಿ ಹಬ್ಬಕ್ಕೆ ಮಕ್ಕಳ ಮಣಿಕಟ್ಟಿಗೆ ಐದು ಬಣ್ಣದ ದಾರ ಕಟ್ಟುವ ಪದ್ಧತಿ ಚೀನಾದಲ್ಲಿದೆ. ಅದೇ ಐದು ಧಾತುವಿನ ಬಣ್ಣ. ಹಬ್ಬ ಕಳೆದ ಮೇಲೆ ಮೊದಲ ಮಳೆಗೆ ಬಿಚ್ಚಿ ನೀರಿಗೆ ಬಿಡುತ್ತಾರೆ, ರೋಗರುಜಿನ ಹರಿದುಹೋಗಲಿ ಅಂತ. ನಮ್ಮ ಹದಿನಾರು ಗಂಟಿನ ಗೌರಿ ದಾರ ನೆನಪಾಯಿತು. ನಮ್ಮದು ಬರೀ ಅರಿಶಿನ, ಲೆಕ್ಕ ಇರುವುದು ಗಂಟಿನಲ್ಲಿ.

ಬಿಳಿಯ ಅರ್ಥ ನನಗೆ ಸರಿಯಾಗಿ ತಿಳಿದದ್ದು ಗೆಳೆಯನ ತಾಯಿ ತೀರಿಕೊಂಡಾಗ. ಅವರ ಕಟ್ಟಡದ ಕೆಳಗಿನ ಬಯಲು ಅಂಗಳದಲ್ಲಿ ಐದು ದಿನ ಇಟ್ಟಿದ್ದರು. ಮಕ್ಕಳೆಲ್ಲ ಬಿಳಿ ಟೀ-ಶರ್ಟು, ಕಪ್ಪು ಪ್ಯಾಂಟು. ತೋಳಿಗೆ ಸಣ್ಣ ಚೌಕ ಬಟ್ಟೆ ಪಿನ್ ಮಾಡಿರುತ್ತದೆ. ಸತ್ತವರು ಗಂಡಸಾದರೆ ಎಡತೋಳು, ಹೆಂಗಸಾದರೆ ಬಲತೋಳು. ಮಕ್ಕಳಿಗೆ ಕಪ್ಪು, ಮೊಮ್ಮಕ್ಕಳಿಗೆ ನೀಲಿ. ದೂರ ನಿಂತೇ ಯಾರು ಏನಾಗಬೇಕು ಅಂತ ಗೊತ್ತಾಗಿಬಿಡುತ್ತೆ. ಹೊರಡುವಾಗ ಒಂದು ತಟ್ಟೆಯಲ್ಲಿ ಕೆಂಪು ದಾರದ ತುಂಡುಗಳು. ಒಂದು ತಗೊಂಡು ಹೋಗಬೇಕು, ಆದರೆ ಮನೆಯೊಳಗೆ ತರಬಾರದು, ದಾರಿಯಲ್ಲೇ ಬಿಡಬೇಕು. ನಾನು ಅದೂ ಮಾಡಿದೆ, ಮನೆಗೆ ಬಂದು ತಲೆಗೆ ನೀರೂ ಹಾಕಿಕೊಂಡೆ. ಹೊಸವರ್ಷದ ಮೊದಲ ದಿನ ತಲೆ ತೊಳೆದರೆ ಅದೃಷ್ಟ ತೊಳೆದುಹೋಗುತ್ತೆ ಅನ್ನುವವರು ಅವರು. ಯುಗಾದಿಗೆ ಎಣ್ಣೆಸ್ನಾನ ಮಾಡದಿದ್ದರೆ ಹಬ್ಬವೇ ಅಲ್ಲ ಅನ್ನುವವರು ನಾವು. ನೀರಿನ ವಿಷಯದಲ್ಲಿ ಇಬ್ಬರಿಗೂ ಹೊಂದುವುದಿಲ್ಲ.

ನಮ್ಮಲ್ಲಿ ಬಣ್ಣಕ್ಕೆ ಕಟ್ಟೇ ಇಲ್ಲ ಅಂತಲ್ಲ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ, ಹಸಿರು ಬಳೆ. ಆದರೆ ಕಪ್ಪನ್ನು ನೋಡಿ. ಎಲ್ಲ ಕಡೆ ಅಶುಭ ಅನ್ನುವ ಕಪ್ಪನ್ನು ನಮ್ಮ ಉತ್ತರ ಕರ್ನಾಟಕದ ಹೆಂಗಸರು ಸಂಕ್ರಾಂತಿಗೆ ಚಂದ್ರಕಾಳಿ ಸೀರೆ ಅಂತ ಹಿಗ್ಗಿನಿಂದ ಉಡುತ್ತಾರೆ. ಸೀರೆ ಸೀರೆಯಾಗಿದ್ದರೆ ಸಾಕು. ಹಾಗಿರುವಾಗ ಈ ನವರಾತ್ರಿಯ ಒಂಬತ್ತು ಬಣ್ಣ ಎಲ್ಲಿಂದ ಬಂತು? ಮುಂಬೈ ಕಡೆಯಿಂದ ಬಂದದ್ದು, ನಮ್ಮ ಅಜ್ಜಿಯರು ಕೇಳಿದ್ದಲ್ಲ. ಇವತ್ತು ಬೂದು, ನಾಳೆ ನವಿಲುಹಸಿರು ಅಂತ ಬೆಂಗಳೂರಿನ ಆಫೀಸುಗಳಲ್ಲಿ ಪಟ್ಟಿ ಬರುತ್ತೆ. ತಂಗಿ ಪ್ರತಿ ವರ್ಷ ಎರಡು ಸೀರೆ ಜಾಸ್ತಿ ಕೊಳ್ಳುತ್ತಾಳೆ. ಸಂತೋಷಕ್ಕೆ ಉಡಲಿ, ಬೇಡ ಅನ್ನಲು ನಾನ್ಯಾರು? ಆದರೆ 'ಇವತ್ತಿನ ಬಣ್ಣ' ಹಾಕಿಲ್ಲ ಅಂತ ಒಬ್ಬಳನ್ನು ಗುಂಪು ಫೋಟೋದಿಂದ ಪಕ್ಕಕ್ಕೆ ಸರಿಸಿದರು ಅಂತ ಕೇಳಿದಾಗ ಸಿಟ್ಟು ಬಂತು. ಚೀನೀಯರ ಮನೆಯಲ್ಲಿ ನನ್ನ ಬಿಳಿ ಅಂಗಿಗೆ ಜೇಬಲ್ಲಿ ಜಾಗ ಹುಡುಕಿ ಕೆಂಪು ಇಟ್ಟರು. ಹೊರಗೆ ಹಾಕಲಿಲ್ಲ. ಬಣ್ಣದ ಕಟ್ಟು ತರುವುದಾದರೆ ಆ ಜಾಣತನವನ್ನೂ ತರಬೇಕಲ್ವಾ.

2026ರ ಹೊಸವರ್ಷ ಫೆಬ್ರವರಿ 17ಕ್ಕೆ ಬಿತ್ತು, ಮತ್ತೆ ಅದೇ ಮನೆಗೆ ಕರೆ ಬಂತು. ಈಗ ಆಂಗ್‌ಪಾವ್ ಕೊಡುವ ಸಾಲಿನಲ್ಲಿ ನಾನೂ ಇದ್ದೇನೆ. ಹೆಂಡತಿಗೆ ಒಂದು ಇಕ್ಕಟ್ಟು. ಅವಳಿಗೆ ಉಡಬೇಕು ಅನಿಸಿದ್ದು ಅವ್ವ ಕೊಟ್ಟ ಇಳಕಲ್ ಸೀರೆ, ಮೈಯೆಲ್ಲ ಕಪ್ಪು. ಗೆಳೆಯನಿಗೆ ಫೋಟೋ ಕಳಿಸಿ ಕೇಳಿದೆ. ಅವನು ಮೊದಲು ಮೈ ನೋಡಿ ಅಯ್ಯೋ ಅಂದ. ಆಮೇಲೆ ಸೆರಗು ನೋಡಿದ. ಇಳಕಲ್‌ನಲ್ಲಿ ಮೈ ಯಾವ ಬಣ್ಣವಾದರೂ ಇರಲಿ, ಹಳೇ ನೇಯ್ಗೆಯಲ್ಲಿ ಸೆರಗು ಕೆಂಪೇ. ಮೈಯ ಹಾಸುನೂಲಿಗೆ ಸೆರಗಿನ ಹಾಸುನೂಲು ಕೊಂಡಿ ಹಾಕಿ ಸೇರಿಸಿ ನೇಯುವಂಥದ್ದು, ಕೆಂಪು ರೇಷ್ಮೆ, ಮೇಲೆ ಬಿಳಿ ತೋಪುತೆನೆ ವಿನ್ಯಾಸ.

"ಆ ಕೆಂಪು ಮುಂದೆ ಬರೋ ಹಾಗೆ ಮಾಡೋಕಾಗುತ್ತಾ?" ಅಂತ ಕೇಳಿದ.

ಹೆಂಡತಿ ಎಡ ಹೆಗಲಿನ ಪಿನ್ ತೆಗೆದು, ಊರಿಗೆ ವಿಡಿಯೋ ಕಾಲ್ ಹಚ್ಚಿದಳು. ಅವ್ವ ಆ ಕಡೆಯಿಂದ, "ಬಲಕ್ಕ ತಗೋ, ಬಲಕ್ಕ, ಇನ್ನೊಂಚೂರು ಮುಂದ ತಾ" ಅಂತ ಹೇಳುತ್ತಲೇ ಇದ್ದಳು. ಕೆಂಪು ಸೆರಗು ಬಲ ಹೆಗಲಿನಿಂದ ಇಳಿದು ಎದೆಯ ಮೇಲೆ ಹರಡಿತು. ಲಿಫ್ಟಿನಲ್ಲಿ ಸಿಕ್ಕ ಚೀನೀ ಅಜ್ಜಿ ಅದನ್ನು ಮುಟ್ಟಿ ನೋಡಿ, ಎಷ್ಟಕ್ಕೆ ಸಿಗುತ್ತೆ ಅಂತ ಕೇಳಿದರು.