ಚಿಪ್ಪಿನ ಕೂಗನ್ನು ಒಂದನೇ ಚಾನೆಲ್ ತಲೆಗೆ ಕಟ್ಟಬೇಡಿ

ನಮ್ಮ ಬೋರ್ಡ್‌ನ ಬಿಸಿ ಅಳೆಯುವ ಸೆನ್ಸರ್ ಚಿಪ್ ಜೊತೆ ಮೂರು ದಿನ ಲ್ಯಾಬ್‌ನಲ್ಲಿ ಒದ್ದಾಡಿದೆವು. ಫ್ಯಾನ್ ಬದಲಾಯಿಸಿದೆವು. ಹೀಟ್‌ಸಿಂಕ್ ಬಿಚ್ಚಿ ಹೊಸದಾಗಿ ಪೇಸ್ಟ್ ಹಚ್ಚಿದೆವು. ಆದರೂ ಲಾಗ್‌ನಲ್ಲಿ 'ಟೆಂಪ್1 ಅಲಾರಂ' ಬರುತ್ತಲೇ ಇತ್ತು, ಅಂದರೆ ಚಿಪ್‌ನ ಮೊದಲ ಚಾನೆಲ್ (ಅದು ಅಳೆಯುವ ಮೊದಲ ತಾಪಮಾನ) ಮಿತಿ ಮೀರಿದೆ ಅಂತ. ಟೆಂಪ್1 ಓದಿದರೆ 42000, ಅಂದರೆ 42 ಡಿಗ್ರಿ. (ಲಿನಕ್ಸ್‌ನಲ್ಲಿ ಸೆನ್ಸರ್‌ಗಳನ್ನು ನೋಡಿಕೊಳ್ಳುವ ಭಾಗ ಎಚ್‌ಡಬ್ಲ್ಯೂಮಾನ್, ಅದು ಮಿಲಿಡಿಗ್ರಿಯಲ್ಲಿ ಹೇಳುತ್ತದೆ.) ನಾವು ಇಟ್ಟ ಮಿತಿ 70.

ಕೊನೆಗೆ ಸ್ಕೋಪ್ (ವೋಲ್ಟೇಜ್ ಏರಿಳಿತ ತೋರಿಸುವ ಯಂತ್ರ) ಹಾಕಿದಾಗ ಗೊತ್ತಾಯಿತು. ಮೋಟಾರ್ ಶುರುವಾದಾಗಲೆಲ್ಲ 3.3 ವೋಲ್ಟ್ ಲೈನ್ ಒಂದು ಕ್ಷಣ ಕುಸಿಯುತ್ತಿತ್ತು. ಸೆನ್ಸರ್ ಚಿಪ್ ರೀಸೆಟ್ ಆಗುತ್ತಿತ್ತು. ಎದ್ದ ಕೂಡಲೇ ಸ್ಟೇಟಸ್ ರಿಜಿಸ್ಟರ್‌ನಲ್ಲಿ (ತನ್ನ ಸ್ಥಿತಿ ಬರೆದಿಡುವ ಜಾಗ) ರೀಸೆಟ್ ಬಿಟ್ ಇಟ್ಟು, ಪ್ರೊಸೆಸರ್‌ಗೆ ಕೂಗು ಹಾಕುವ ಅಲರ್ಟ್ ಪಿನ್ ಎಳೆಯುತ್ತಿತ್ತು. ಪಾಪ, ಅದು ಸರಿಯಾಗಿಯೇ ಹೇಳಿತ್ತು. ನಮ್ಮ ಡ್ರೈವರ್ (ಚಿಪ್ ಜೊತೆ ಮಾತಾಡುವ ಕೋಡ್) ಮಾತ್ರ ಸ್ಟೇಟಸ್ ಸೊನ್ನೆ ಅಲ್ಲ ಅಂದರೆ ಸಾಕು, ಟೆಂಪ್1 ಬಿಸಿಯಾಗಿದೆ ಅಂತ ಬರೆಯುತ್ತಿತ್ತು.

ಮನೆಯ ಮೇನ್ ಟ್ರಿಪ್ ಆದರೆ ಯಾರೂ ಹಾಲ್‌ನ ಬಲ್ಬ್ ಬದಲಾಯಿಸುವುದಿಲ್ಲ, ಅಲ್ವಾ?

ಹೀಗೇಕೆ ಬರೆಯುತ್ತಾರೆ ಅಂತಲೂ ಗೊತ್ತು. ಹಿಂದೆ ಎಚ್‌ಡಬ್ಲ್ಯೂಮಾನ್‌ನಲ್ಲಿ ಒಂದು ಚಿಪ್‌ನ ಎಲ್ಲ ಚಾನೆಲ್‌ಗಳಿಗೂ ಸೇರಿ ಒಂದೇ ಅಲಾರಂ ಫೈಲ್ ಇತ್ತು. ಅದರ ಬಿಟ್‌ಗಳ ಅರ್ಥ ಚಿಪ್‌ನಿಂದ ಚಿಪ್‌ಗೆ ಬೇರೆ. ಆಮೇಲೆ ಚಾನೆಲ್‌ಗೊಂದು ಅಲಾರಂ ಬಂತು, ಒಳ್ಳೆಯದೇ ಆಯಿತು. ಆದರೆ ಯಾವ ಚಾನೆಲ್‌ಗೂ ಸೇರದ ಸುದ್ದಿ ಬಂದಾಗ ಕೈ ತಾನಾಗಿಯೇ ಮೊದಲನೆಯದರ ಹೆಸರು ಬರೆದುಬಿಡುತ್ತದೆ. ಇಡೀ ಚಿಪ್‌ಗೆ ಅಂತಲೇ ಎಚ್‌ಡಬ್ಲ್ಯೂಮಾನ್‌ನಲ್ಲಿ ಬೇರೆ ವಿಧ ಇದೆ. ಅದಕ್ಕೆ ಚಾನೆಲ್ ನಂಬರ್ ಇಲ್ಲ. ಅದನ್ನು ಬಳಸಿ.

ನನಗೆ ಜಾಸ್ತಿ ಭಯವಾಗಿದ್ದು ಸುಳ್ಳು ಅಲಾರಂಗಲ್ಲ. ರೀಸೆಟ್ ಆದ ಚಿಪ್ ನಾವು ಬರೆದ ಮಿತಿಯನ್ನೂ ಮರೆತಿರುತ್ತದೆ. ಹಳೆಯ ಎಲ್‌ಎಂ75 ಸೆನ್ಸರ್ ಚಿಪ್ ಆದರೆ ಒಂದು ಮಾತೂ ಹೇಳದೆ ಸುಮ್ನೆ 80 ಡಿಗ್ರಿ ಮಿತಿಗೆ ಹೋಗಿ ಕೂರುತ್ತದೆ. ಇತ್ತ ಡ್ರೈವರ್‌ನ ರೆಗ್‌ಮ್ಯಾಪ್ ಕ್ಯಾಶ್‌ನಲ್ಲಿ (ಚಿಪ್‌ಗೆ ಬರೆದದ್ದರ ನಕಲು) ಇನ್ನೂ 70 ಇರುತ್ತದೆ. ಓದಿದವರಿಗೆ 70 ಅಂತಲೇ ಕಾಣುತ್ತದೆ. ಚಿಪ್ ಕಾಯುತ್ತಿರುವುದು 80ಕ್ಕೆ! ಅದಕ್ಕೇ ರೀಸೆಟ್ ಬಿಟ್ ಕಂಡ ತಕ್ಷಣ ಕ್ಯಾಶ್ ಹಳಸಿದೆ ಅಂತ ಗುರುತು ಹಾಕಿ ಎಲ್ಲ ಮಿತಿಗಳನ್ನೂ ಚಿಪ್‌ಗೆ ಮತ್ತೆ ಬರೆಯಬೇಕು. ಸುದ್ದಿ ಹೇಳುವುದು ಆಮೇಲೆ.

ಇನ್ನೊಂದು. ಎಷ್ಟೋ ಚಿಪ್‌ಗಳಲ್ಲಿ ಸ್ಟೇಟಸ್ ಓದಿದರೆ ಅಳಿಸಿಹೋಗುತ್ತದೆ. ಯಾರೋ ಅಲಾರಂ ಫೈಲ್ ಓದಿದರು ಅಂತ ಇಂಟರಪ್ಟ್ ಹ್ಯಾಂಡ್ಲರ್‌ಗೆ (ಚಿಪ್ ಕೂಗಿದಾಗ ಓಡುವ ಕೋಡ್) ಸಿಗಬೇಕಾದ ಬಿಟ್ ಮಾಯವಾಗಬಾರದು. ಒಂದೇ ಕಡೆ, ಲಾಕ್ ಹಿಡಿದು ಓದಿ, ಎತ್ತಿಟ್ಟುಕೊಳ್ಳಿ. ಮತ್ತೆ, ಗೊತ್ತಿಲ್ಲದ ಬಿಟ್ ಅಂತ ಹ್ಯಾಂಡ್ಲರ್‌ನಲ್ಲಿ ಅಲರ್ಟ್ ಇಳಿಸದೆ 'ನನ್ನದಲ್ಲ' ಅಂತ ಮರಳಬೇಡಿ. 1,00,000 ಇಂಟರಪ್ಟ್‌ನಲ್ಲಿ 99,900ಕ್ಕಿಂತ ಜಾಸ್ತಿ ಸಲ ಯಾರೂ ತಮ್ಮದು ಅನ್ನದಿದ್ದರೆ ಕರ್ನಲ್ (ಲಿನಕ್ಸ್‌ನ ತಿರುಳು) ಆ ಇಂಟರಪ್ಟ್ ಲೈನನ್ನೇ ಮುಚ್ಚುತ್ತದೆ. ಅದೇ ಲೈನ್‌ನಲ್ಲಿರುವ ಬೇರೆ ಚಿಪ್‌ಗಳ ಕೂಗೂ ಆಮೇಲೆ ಕೇಳುವುದಿಲ್ಲ.

ನಮ್ಮ ಬೋರ್ಡ್‌ಗೆ ಬೇಕಾಗಿದ್ದು ಸೆನ್ಸರ್ ಪಕ್ಕ ಒಂದು ದೊಡ್ಡ ಕೆಪಾಸಿಟರ್. ಲಾಗ್‌ನಲ್ಲಿ 'ಚಿಪ್ ರೀಸೆಟ್' ಅಂತ ಒಂದು ಸಾಲು ಇದ್ದಿದ್ದರೆ ಮೊದಲ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಹಾಕಿಬಿಡುತ್ತಿದ್ದೆವು.