ಮಾವನ ಮೀಟರು, ಸಾರ್ಜೆಂಟನ ಚೀಟಿ

ವಾರದಲ್ಲಿ ಐದು ದಿನ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತೇನೆ. ತಿಂಗಳಿಗೊಂದು ಶನಿವಾರ-ಭಾನುವಾರ ಅಮೆರಿಕದ ಆರ್ಮಿ ರಿಸರ್ವ್‌ನಲ್ಲಿ ರೇಡಿಯೋ ರಿಪೇರಿ. ಇರುವುದು ಓಹಾಯೊದಲ್ಲಿ, ಹುಟ್ಟಿದ್ದು ದಾವಣಗೆರೆಯಲ್ಲಿ. ಊರಿಗೆ ಹೋದಾಗ ಎಲ್ಲರೂ ಕೇಳುವುದು ಒಂದೇ, "ಗನ್ ಕೊಟ್ಟಿದಾರಾ?" ಅಭ್ಯಾಸಕ್ಕೆ ಕೊಡುತ್ತಾರೆ, ಗುರಿ ಹೊಡೆದು ಪಾಸಾಗಲೂಬೇಕು. ಆದರೆ ಉಳಿದ ಹೊತ್ತೆಲ್ಲ ಕೈಯಲ್ಲಿರುವುದು ಸ್ಕ್ರೂಡ್ರೈವರ್ರೇ.

ರಿಸರ್ವ್ ಅಂದರೆ ಏನು ಅಂತ ಊರಲ್ಲಿ ಅರ್ಥ ಮಾಡಿಸುವುದು ಕಷ್ಟ. ನಮ್ಮ ಕಡೆ ಮಿಲಿಟರಿಗೆ ಹೋದರೆ ಹೋದ ಹಾಗೇ, ರಜಕ್ಕೆ ಬರುವಾಗ ಟ್ರಂಕು, ಕ್ಯಾಂಟೀನ್ ಸಾಮಾನು. ಇಲ್ಲಿ ನನ್ನ ಪಕ್ಕದ ಬೆಂಚಿನವನು ವಾರವೆಲ್ಲ ನಲ್ಲಿ ರಿಪೇರಿ ಮಾಡುವವನು, ಇನ್ನೊಬ್ಬಳು ಶಾಲೆಯ ಟೀಚರ್. ತಿಂಗಳಿಗೆ ಎರಡು ದಿನ (ಇದಕ್ಕೆ ಡ್ರಿಲ್ ಅನ್ನುತ್ತಾರೆ), ವರ್ಷಕ್ಕೆ ಸುಮಾರು ಎರಡು ವಾರ. ಎರಡು ದಿನ ದುಡಿದರೆ ನಾಲ್ಕು ದಿನದ ಮೂಲ ಸಂಬಳ, ಯಾಕೆಂದರೆ ನಾಲ್ಕು ಗಂಟೆಯ ಒಂದು ಪಾಳಿಗೆ ಒಂದು ದಿನದ ಲೆಕ್ಕ. ಡ್ಯೂಟಿಗೆ ಹೋದ ಅಂತ ಕೆಲಸದಿಂದ ತೆಗೆಯುವ ಹಾಗಿಲ್ಲ, ಅದಕ್ಕೆ 1994ರ ಕಾನೂನು ಇದೆ. ಭಾರತದಲ್ಲೂ ಇಂಥದ್ದು ಇಲ್ಲದೇ ಇಲ್ಲ, 1949ರಲ್ಲಿ ಶುರುವಾದ ಟೆರಿಟೋರಿಯಲ್ ಆರ್ಮಿ ಇದೆ. ಬೆಂಗಳೂರಿನಲ್ಲೇ ಅದರ 106 ಪ್ಯಾರಾ ಬೆಟಾಲಿಯನ್ ಇದೆ. 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಆದ ಧೋನಿ 2019ರಲ್ಲಿ ಕಾಶ್ಮೀರದಲ್ಲಿ ಡ್ಯೂಟಿ ಮಾಡಿದ್ದು ಇದೇ ಬೆಟಾಲಿಯನ್ ಜೊತೆ. ಧೋನಿ ಹೆಸರು ಹೇಳಿದ ಮೇಲೆ ಊರಲ್ಲಿ ಸ್ವಲ್ಪ ಅರ್ಥ ಆಗುತ್ತದೆ, ಮರ್ಯಾದೆಯೂ ಸ್ವಲ್ಪ ಜಾಸ್ತಿ ಆಗುತ್ತದೆ.

ಸರಿ, ಕೆಲಸದ ವಿಷಯ. ನಾನು ರಿಪೇರಿ ಕಲಿತದ್ದು ಸೋದರಮಾವನ ಟಿವಿ-ರೇಡಿಯೋ ಅಂಗಡಿಯಲ್ಲಿ. ಮಾವ ಸೆಟ್ಟನ್ನು ಬಿಚ್ಚುವ ಮೊದಲು ಒಂದು ಏಟು ಹೊಡೆದು ಸದ್ದು ಕೇಳುತ್ತಿದ್ದ. "ಡ್ರೈ ಸೋಲ್ಡರ್ ಐತಿ, ಎಡಗಡೆ" ಅಂದರೆ ಬಿಟ್ಟುಕೊಂಡ ಬೆಸುಗೆ ಎಡಗಡೆಯೇ ಇರುತ್ತಿತ್ತು. ಪುಸ್ತಕ ಇಲ್ಲ, ನಕ್ಷೆ ಇಲ್ಲ. ಸತ್ತ ಸೆಟ್ಟುಗಳ ಬೋರ್ಡುಗಳು ಗೋಣಿಚೀಲದಲ್ಲಿ, ಬೇಕಾದ ಕೆಪಾಸಿಟರ್ ಅದರಲ್ಲೇ ಸಿಗಬೇಕು.

ಈ ಕೈಯನ್ನು ತಗೊಂಡು ಜಾರ್ಜಿಯಾದ ಫೋರ್ಟ್ ಗಾರ್ಡನ್ ಅನ್ನುವ ಸೇನಾ ನೆಲೆಗೆ ಹೋದೆ. ತಿಂಗಳುಗಟ್ಟಲೆ ತರಬೇತಿ ಮುಗಿಸಿ ಯೂನಿಟ್ಟಿಗೆ ಬಂದೆ. ಮೂರನೇ ಡ್ರಿಲ್‌ನಲ್ಲೇ ಒಂದು ಬೋರ್ಡಿನಲ್ಲಿ ಡ್ರೈ ಸೋಲ್ಡರ್ ಕಣ್ಣಿಗೆ ಬಿತ್ತು. ಉಂಗುರದ ಹಾಗೆ ಬಿರುಕು, ಲೆನ್ಸೂ ಬೇಡ. ಬೆಸುಗೆ ಹಾಕುವ ಐರನ್ ಬಿಸಿ ಮಾಡಿದೆ. ಸಾರ್ಜೆಂಟ್ ಬಂದು, "ಅದನ್ನು ಕೆಳಗಿಡು" ಅಂದ. ಮ್ಯಾನ್ಯುಯಲ್ ತೆಗೆದು ಹಿಂದಿನ ಪುಟದ ಕೋಷ್ಟಕ ತೋರಿಸಿದ. ಯಾವ ಕೆಲಸ ಯಾವ ಹಂತದವರದು, ಎಷ್ಟು ಹೊತ್ತು ಹಿಡಿಯಬೇಕು, ಎಲ್ಲ ಅದರಲ್ಲಿ ಬರೆದಿದೆ. ಈ ಬೆಸುಗೆ ನನ್ನ ಹಂತದ್ದಲ್ಲ. ಬೋರ್ಡು ಬಿಚ್ಚಿ ಮೇಲಕ್ಕೆ ಕಳಿಸು, ಹೊಸದಕ್ಕೆ ಆರ್ಡರ್ ಹಾಕು, ಫಾರಂ ತುಂಬು. ನಾನೇ ಬೆಸುಗೆ ಹಾಕಿದ್ದರೆ ಐದು ನಿಮಿಷದ ಕೆಲಸ. ಬೋರ್ಡು ಬಂದದ್ದು ಎರಡು ಡ್ರಿಲ್ ಆದ ಮೇಲೆ, ಅಷ್ಟರಲ್ಲಿ ಆ ರೇಡಿಯೋವನ್ನು ನಾನು ಯಾಕೆ ಬಿಚ್ಚಿದ್ದೆ ಅನ್ನುವುದೇ ನನಗೆ ಮರೆತುಹೋಗಿತ್ತು.

ಆ ರಾತ್ರಿ ಮಾವನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲಲೇ, ಒಂದು ಬೆಸುಗೆ ಹಾಕಾಕೂ ಪರ್ಮಿಷನ್ ಬೇಕಾ? ಅವರು ಯುದ್ಧ ಹೆಂಗ್ ಮಾಡ್ತಾರೋ!" ಅಂದ. ನನಗೂ ಹಾಗೇ ಅನ್ನಿಸಿತ್ತು.

ಒಂದು ಮಾತು. ನಾನು ಹೋಲಿಸುತ್ತಿರುವುದು ಮಾವನ ಅಂಗಡಿಯನ್ನು, ಭಾರತೀಯ ಸೇನೆಯನ್ನಲ್ಲ. ಸೇನೆಯಲ್ಲಿ ಈ ಕೆಲಸ ಇಎಂಇ (ಎಲೆಕ್ಟ್ರಾನಿಕ್ಸ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್) ಕೋರ್‌ನವರದು. ಹಲಸೂರಿನ 515 ಆರ್ಮಿ ಬೇಸ್ ವರ್ಕ್‌ಶಾಪ್ ಅವರದೇ, ಅವರ ನಿಯಮ ಅವರಿಗೆ.

ಇಲ್ಲಿ ನಮ್ಮ ಬೆಂಚಿಗೆ ಬರುವುದು ಹೆಚ್ಚಾಗಿ ಸಿಂಕ್‌ಗಾರ್ಸ್ ಅನ್ನುವ ರೇಡಿಯೋ. 30ರಿಂದ 88 ಮೆಗಾಹರ್ಟ್ಸ್, ಒಟ್ಟು 2,320 ಚಾನೆಲ್. ಶತ್ರು ಕೇಳಿಸಿಕೊಳ್ಳಬಾರದು ಅಂತ ಸೆಕೆಂಡಿಗೆ ಸುಮಾರು ನೂರು ಸಲ ತರಂಗ ಬದಲಿಸುತ್ತಾ ಜಿಗಿಯುತ್ತದೆ. ಎರಡೂ ಕಡೆಯ ರೇಡಿಯೋಗಳ ಗಡಿಯಾರ ಒಂದೇ ಇರಬೇಕು, ತುಂಬಿದ ಗುಪ್ತ ಸಂಕೇತ ಒಂದೇ ಇರಬೇಕು. ಇಷ್ಟೆಲ್ಲ ಜಾಣತನ ಇರುವ ಪೆಟ್ಟಿಗೆ ಯಾಕೆ ಕೆಟ್ಟು ಬರುತ್ತದೆ ಗೊತ್ತಾ? ಒಳಗಿನ ಪುಟ್ಟ ಬ್ಯಾಟರಿ ಸತ್ತಿರುತ್ತದೆ. ಆಫ್ ಮಾಡಿದ ಕೂಡಲೇ ತುಂಬಿದ್ದೆಲ್ಲ ಮರೆತುಬಿಡುತ್ತದೆ. ಇಲ್ಲಾಂದ್ರೆ ಹ್ಯಾಂಡ್‌ಸೆಟ್ಟಿನ ಪಿನ್ನಿಗೆ ಕಿಲುಬು. ಅದಕ್ಕೆ ಮದ್ದು ಪೆನ್ಸಿಲ್ ಅಳಿಸುವ ರಬ್ಬರ್! ನಮ್ಮ ಸಾರ್ಜೆಂಟ್ ಜೇಬಿನಿಂದ ರಬ್ಬರ್ ತೆಗೆದು ಪಿನ್ನು ಉಜ್ಜಿದಾಗ ನನಗೆ ಮಾವನ ಡ್ರಾಯರಿನ ನಟರಾಜ್ ರಬ್ಬರೇ ಕಂಡ ಹಾಗಾಯಿತು.

ನನ್ನ ಅಭಿಪ್ರಾಯ ಬದಲಾದದ್ದು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್‌ನಿಂದ. ಇಲ್ಲಿ ಪ್ರತಿ ಮೀಟರಿಗೂ ಒಂದು ಚೀಟಿ ಅಂಟಿಸಿರುತ್ತಾರೆ. ಸರಿಯಾಗಿ ತೋರಿಸುತ್ತದಾ ಅಂತ ಯಾವಾಗ ತಾಳೆ ನೋಡಿದ್ದು, ಮುಂದೆ ಯಾವಾಗ ನೋಡಬೇಕು ಅಂತ ತಾರೀಖು. ತಾರೀಖು ದಾಟಿದರೆ ಮೀಟರ್ ಚೆನ್ನಾಗಿದ್ದರೂ ಮುಟ್ಟುವ ಹಾಗಿಲ್ಲ. ಒಂದು ಶನಿವಾರ ನಮ್ಮ ಬೆಂಚಿನ ಎರಡೂ ಮೀಟರುಗಳ ತಾರೀಖು ಹಿಂದಿನ ದಿನವೇ ಮುಗಿದಿತ್ತು. ಅರ್ಧ ದಿನ ಸುಮ್ನೆ ಕೂತೆವು. ನನಗೆ ಸಿಟ್ಟು. ಸಾರ್ಜೆಂಟ್ ಹೇಳಿದ, "ನಾಳೆ ಸಂಜೆ ನೀನು ಮನೆಗೆ ಹೋಗ್ತೀಯ. ಈ ರೇಡಿಯೋ ಯಾರ ಬೆನ್ನ ಮೇಲೆ ಎಲ್ಲಿಗೆ ಹೋಗುತ್ತೆ ಅಂತ ನಿನಗೆ ಗೊತ್ತಾ? ಅವರಿಗೆ ನೀನು ಯಾರು ಅಂತ ಗೊತ್ತಾ?"

ಹೌದಲ್ವಾ. ಮಾವನ ಗಿರಾಕಿ ಮಾವನನ್ನು ನಂಬಿ ಬರುತ್ತಾನೆ, ಕೆಟ್ಟರೆ ನಾಳೆ ಮತ್ತೆ ಅಂಗಡಿಗೆ ಬಂದು ಬೈಯುತ್ತಾನೆ. ಇಲ್ಲಿ ರಿಪೇರಿ ಮಾಡಿದವನು ತಿಂಗಳಿಗೆ ಎರಡೇ ದಿನ ಸಿಗುವವನು. ಮುಂದಿನ ತಿಂಗಳು ಅದೇ ಬೆಂಚಿಗೆ ಬೇರೆಯವನು ಬರಬಹುದು. ಗೊತ್ತಿದ್ದನ್ನು ಬರೆದಿಡದೆ ತಲೆಯಲ್ಲೇ ಇಟ್ಟುಕೊಂಡರೆ ಅದು ನನ್ನ ಜೊತೆ ಮನೆಗೆ ಹೋಗುತ್ತದೆ. ಹಾಗಂತ ಇವರದೇ ಸರಿ ಅಂತ ನಾನು ಒಪ್ಪಿಲ್ಲ. ಬೋರ್ಡು ಬದಲಿಸುವುದನ್ನು ಬಿಟ್ಟು ಬೇರೇನೂ ಮಾಡದ ಹುಡುಗರಿಗೆ ದೋಷ ಎಲ್ಲಿದೆ ಅಂತ ಹುಡುಕುವ ಕೈ ಬರುವುದೇ ಇಲ್ಲ. ಬೋರ್ಡು ಸಿಗದ ಜಾಗದಲ್ಲಿ ಇವರು ಏನು ಮಾಡುತ್ತಾರೆ? ಮಾವನನ್ನು ಅಲ್ಲಿ ಕೂರಿಸಿದರೆ ಗೋಣಿಚೀಲದಿಂದಲೇ ಏನಾದರೂ ಎಬ್ಬಿಸುತ್ತಾನೆ.

ಕಳೆದ ಸಲ ಊರಿಗೆ ಹೋದಾಗ ಆಯುಧ ಪೂಜೆ. ಮಾವನ ಹಳೇ ಮೀಟರಿಗೆ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ. ಸುಮ್ನೆ ಹೊಸ 9 ವೋಲ್ಟ್ ಬ್ಯಾಟರಿ ಹಿಡಿದು ನೋಡಿದೆ, 8.3 ತೋರಿಸಿತು.

"ಮಾವ, ಇದು ತಪ್ಪು ತೋರಿಸ್ತಿದೆ."

"ಗೊತ್ತಲೇ. ಹೆಚ್ಚೂಕಮ್ಮಿ ಮುಕ್ಕಾಲು ವೋಲ್ಟ್ ಕಮ್ಮಿ ತೋರಿಸ್ತತಿ. ನಾ ಸೇರಿಸ್ಕೊಂತೀನಿ."

"ನಿನ್ ಮಗನಿಗೆ ಗೊತ್ತಾ?"

ಮಾವ ಮಗನ ಮುಖ ನೋಡಿದ. ಎರಡು ವರ್ಷದಿಂದ ಅಂಗಡಿಯಲ್ಲಿ ಅದೇ ಮೀಟರ್ ಹಿಡಿಯುತ್ತಿದ್ದಾನೆ ಅವನು. ಗೊತ್ತಿರಲಿಲ್ಲ.

ನಾನು ಬಿಳಿ ಟೇಪಿನ ಮೇಲೆ ತಾರೀಖು, '0.7 ಸೇರಿಸಿ' ಅಂತ ಬರೆದು ಮೀಟರಿನ ಬೆನ್ನಿಗೆ ಅಂಟಿಸಿ ಬಂದೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಮೀಟರ್ ತೋರಿಸು ಅಂದೆ. ಟೇಪ್ ಇತ್ತು. ಅದರ ಮೇಲೆ ಯಾರದೋ ಗಿರಾಕಿಯ ಫೋನ್ ನಂಬರ್ ಬರೆದಿತ್ತು.